ಪಕ್ಕದ ಗ್ಯಾಲಕ್ಸಿಗಳಲ್ಲಿ ಕಪ್ಪುಕುಳಿ ಎಬ್ಬಿಸುವ ಅನಿಲದ ಗಾಳಿ: ಅಳೆಯೋದು ಹೇಗೆ, ಲೆಕ್ಕ ತಪ್ಪೋದು ಎಲ್ಲಿ?

ಹೇಮಾವತಿ_ದಂಡೆ (ಹಾಸನ)

ಗ್ಯಾಲಕ್ಸಿಯ ನಡುವೆ ಕೂತ ಚುರುಕಾದ ಕಪ್ಪುಕುಳಿ ತನ್ನ ಸುತ್ತಲಿನ ಅನಿಲವನ್ನು ಹೊರಕ್ಕೆ ಊದುತ್ತದಲ್ಲ, ಈ ಥ್ರೆಡ್ ಆ ಗಾಳಿಯ ಬಗ್ಗೆ ಮಾತ್ರ. ಓದಿದ ಕಡೆಯೆಲ್ಲ ಬೇರೆ ಬೇರೆ ಅಂಕಿ ಸಿಗುತ್ತವೆ. ಎನ್‌ಜಿಸಿ 4151 ಗ್ಯಾಲಕ್ಸಿಯಲ್ಲಿ ವರ್ಷಕ್ಕೆ 3 ಸೂರ್ಯನಷ್ಟು ಅನಿಲ ಹೊರಗೆ ಹೋಗುತ್ತಿದೆ ಅಂತಾರೆ, ಎನ್‌ಜಿಸಿ 1068ರಲ್ಲಿ 63, ಮಾರ್ಕೇರಿಯನ್ 231ರಲ್ಲಿ ಸುಮಾರು 700. ಇವನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದಾ?

ಕೇಳಬೇಕಾದ್ದು ಮೂರು. ಅನಿಲ ಹೊರಗೆ ಹೋಗುತ್ತಿದೆಯೋ, ಬರೀ ಸುತ್ತುತ್ತಿದೆಯೋ ಅಂತ ರೋಹಿತದಲ್ಲಿ (ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ) ಹೇಗೆ ಬೇರೆ ಮಾಡೋದು? ವರ್ಷಕ್ಕೆ ಇಷ್ಟು ಸೂರ್ಯ ಅನ್ನೋ ಲೆಕ್ಕ ಎಲ್ಲಿಂದ ಬರುತ್ತೆ? ನಮ್ಮ ಜಿಲ್ಲೆಯಿಂದ 8 ಇಂಚಿನ ದೂರದರ್ಶಕ, ಆಲ್ಪಿ 600 ರೋಹಿತದರ್ಶಕ ಇಟ್ಟುಕೊಂಡು ಇದರಲ್ಲಿ ಏನಾದರೂ ಹಿಡಿಯಬಹುದಾ?

ಗೊರೂರು_ಗಣಕ

ಹಾಗೆ ಹೋಲಿಸೋಕೆ ಬರಲ್ಲ ಸರ್, ಯಾಕಂದ್ರೆ ಆ ಮೂರೂ ಅಂಕಿ ಒಂದೇ ಬಗೆಯ ಅನಿಲದ್ದಲ್ಲ. 4151ರ 3 ಅನ್ನೋದು ಹಬಲ್‌ನ ರೋಹಿತದಿಂದ 2015ರಲ್ಲಿ ಬಂದ ಅಂಕಿ. ಅದು ಸುಮಾರು 10,000 ಕೆಲ್ವಿನ್‌ನ ಅಯಾನೀಕೃತ (ಎಲೆಕ್ಟ್ರಾನ್ ಕಳಚಿಕೊಂಡ) ಅನಿಲದ್ದು, ಅದೂ ಕೇಂದ್ರದಿಂದ 70 ಪಾರ್ಸೆಕ್ (1 ಪಾರ್ಸೆಕ್ ಅಂದ್ರೆ 3.26 ಜ್ಯೋತಿರ್ವರ್ಷ) ದೂರದಲ್ಲಿನ ಗರಿಷ್ಠ ಮೌಲ್ಯ. 1068ರ 63 ಆಲ್ಮಾ ರೇಡಿಯೋ ದೂರದರ್ಶಕ ನೋಡಿದ ತಣ್ಣನೆಯ ಕಾರ್ಬನ್ ಮಾನಾಕ್ಸೈಡ್‌ನದು, 2014ರಲ್ಲಿ ಪ್ರಕಟವಾಗಿದ್ದು. ಅದರ ದೋಷದ ಅಂದಾಜು ಮೇಲಕ್ಕೆ 21, ಕೆಳಕ್ಕೆ 37. ಅಂದ್ರೆ 26ರಿಂದ 84ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸುದ್ದಿಯಲ್ಲಿ ಈ ದೋಷದ ಅಂಕಿ ಯಾವತ್ತೂ ಬರೋದಿಲ್ಲ ಬಿಡಿ. ಮಾರ್ಕೇರಿಯನ್ 231ರದ್ದೂ ಅಣು ಅನಿಲವೇ, ಆದರೆ ಅದು ಸುಮಾರು 60 ಕೋಟಿ ಜ್ಯೋತಿರ್ವರ್ಷ ಆಚೆ ಇರುವ, ಡಿಕ್ಕಿ ಹೊಡೆದು ಒಂದಾಗುತ್ತಿರುವ ಗ್ಯಾಲಕ್ಸಿ. ಅದನ್ನು ಪಕ್ಕದ್ದು ಅನ್ನೋಕಾಗಲ್ಲ.

ಕಪ್ಪುಕುಳಿಗೆ ತೀರ ಹತ್ತಿರದಿಂದ ಹೊರಡುವ ಗಾಳಿಯ ವೇಗ ಬೆಳಕಿನ ವೇಗದ 3ರಿಂದ 30 ಶೇಕಡಾ. ಅದು ಕಾಣೋದು ಕ್ಷಕಿರಣದಲ್ಲಿ ಮಾತ್ರ. 6.70 ಮತ್ತು 6.97 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿರಬೇಕಾದ ಕಬ್ಬಿಣದ ಹೀರಿಕೆ ರೇಖೆಗಳು ಹೆಚ್ಚಿನ ಶಕ್ತಿಯ ಕಡೆಗೆ ಜರುಗಿರುತ್ತವೆ. ಅದರಿಂದಾಚೆ ಸೆಕೆಂಡಿಗೆ ಕೆಲವು ನೂರರಿಂದ 2,000 ಕಿ.ಮೀ. ವೇಗದ ಬೆಚ್ಚಗಿನ ಹೀರಿಕೆ ಪದರ, ಟೈಪ್ 1 ಸೀಫರ್ಟ್‌ಗಳಲ್ಲಿ (ಸೀಫರ್ಟ್ ಅಂದ್ರೆ ಚುರುಕಾದ ಕಪ್ಪುಕುಳಿ ಇರುವ ಗ್ಯಾಲಕ್ಸಿ, ಟೈಪ್ 1 ಅಂದ್ರೆ ಕೇಂದ್ರ ಮರೆಯಿಲ್ಲದೆ ಕಾಣುವಂಥದ್ದು) ಸುಮಾರು ಅರ್ಧಕ್ಕೆ ಕಾಣುತ್ತದೆ. ಹತ್ತಾರು ಪಾರ್ಸೆಕ್‌ನಿಂದ ಕಿಲೋಪಾರ್ಸೆಕ್‌ವರೆಗೆ ಆಕ್ಸಿಜನ್-3 (ಎರಡು ಎಲೆಕ್ಟ್ರಾನ್ ಕಳಕೊಂಡ ಆಮ್ಲಜನಕದ) ರೇಖೆ ಹೊಳೆಯುವ ಅನಿಲ. ನಮ್ಮ ನಿಮ್ಮ ದೂರದರ್ಶಕಕ್ಕೆ ಸಿಗೋದು ಇದೊಂದೇ. ಅದರ ಜೊತೆಜೊತೆಗೇ ಅಣು ಅನಿಲ ಇರುತ್ತೆ. ವೇಗ ಕಡಿಮೆ, ಆದರೆ ರಾಶಿ ಬಹುಪಾಲು ಅಲ್ಲೇ ಇರುತ್ತದೆ.

ಸುತ್ತುವಿಕೆಯ ಪ್ರಶ್ನೆಗೆ: ಸುತ್ತುವ ತಟ್ಟೆಯಲ್ಲಿ ಒಂದು ಕಡೆ ನೀಲಿ ಪಲ್ಲಟ (ನಮ್ಮತ್ತ ಬರುವ ಅನಿಲ), ಎದುರು ಕಡೆ ಕೆಂಪು ಪಲ್ಲಟ (ದೂರ ಹೋಗುವ ಅನಿಲ), ನಕ್ಷತ್ರಗಳ ವೇಗಕ್ಕೂ ಅನಿಲದ ವೇಗಕ್ಕೂ ತಾಳೆ. ಗಾಳಿ ಇದ್ದರೆ ರೇಖೆಗೆ ನಕ್ಷತ್ರಗಳಲ್ಲಿ ಕಾಣದ ಅಗಲವಾದ ಬಾಲ ಇರುತ್ತದೆ, ಹೆಚ್ಚಾಗಿ ನೀಲಿ ಕಡೆಗೆ. ಗಾಳಿಯಲ್ಲಿ ನಮ್ಮಿಂದ ದೂರ ಹೋಗುವ ಅರ್ಧ ಭಾಗವು ಗ್ಯಾಲಕ್ಸಿ ತಟ್ಟೆಯ ಧೂಳಿನ ಹಿಂದೆ ಅಡಗುವುದೇ ಇದಕ್ಕೆ ಕಾರಣ. 1068ರಲ್ಲಿ ಗಾಳಿ ಎರಡು ಶಂಕುಗಳಾಗಿ ಹೊರಡುತ್ತದೆ. ಈಶಾನ್ಯದ ಶಂಕು ತಟ್ಟೆಯ ಈಚೆಗಿದೆ, ಚೆನ್ನಾಗಿ ಕಾಣುತ್ತದೆ. ನೈಋತ್ಯದ್ದು ತಟ್ಟೆಯ ಹಿಂದೆ ಇರೋದರಿಂದ ಅವಕೆಂಪಿನಲ್ಲೇ ಸರಿಯಾಗಿ ಕಾಣೋದು.

ಬಾಬಾಬುಡನ್_ಇರುಳು (ಚಿಕ್ಕಮಗಳೂರು)

ಮೂರನೇ ಪ್ರಶ್ನೆ ನನಗಿರಲಿ. ಹಿಡಿಯಬಹುದು, ಆದರೆ ಗುರಿ 1068 ಮಾತ್ರ ಆಗಿರಲಿ. ಎಂ77 ಅಂತ ಹೆಚ್ಚು ಜನಕ್ಕೆ ಗೊತ್ತು. ಕ್ರಾಂತಿ (ಆಕಾಶದ ಅಕ್ಷಾಂಶ) ಹೆಚ್ಚುಕಡಿಮೆ ಸೊನ್ನೆ ಡಿಗ್ರಿ, ಹಾಗಾಗಿ ಹಾಸನದಿಂದ 77 ಡಿಗ್ರಿ ಎತ್ತರಕ್ಕೆ ಏರುತ್ತದೆ. ನವೆಂಬರ್ ಮೊದಲ ವಾರ ನಡುರಾತ್ರಿಗೆ ನೆತ್ತಿಯ ಹತ್ತಿರ ಬರುತ್ತದೆ. ದೂರ ಸುಮಾರು 4.7 ಕೋಟಿ ಜ್ಯೋತಿರ್ವರ್ಷ, ಆ ದೂರದಲ್ಲಿ 1 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ರಲ್ಲಿ ಒಂದು ಪಾಲು) ಅಂದ್ರೆ 70 ಪಾರ್ಸೆಕ್.

ಆಲ್ಪಿಯ ಸೀಳು 23 ಮೈಕ್ರಾನ್. 8 ಇಂಚಿನ ಎಫ್/10 ದೂರದರ್ಶಕಕ್ಕೆ ರಿಡ್ಯೂಸರ್ ಹಾಕಿ ಎಫ್/5 ಮಾಡಿಕೊಂಡರೆ ನಾಭಿದೂರ 1,000 ಮಿ.ಮೀ., ಸೀಳು ಆಕಾಶದಲ್ಲಿ 4.7 ಆರ್ಕ್‌ಸೆಕೆಂಡ್ ಅಗಲ ಆಗುತ್ತದೆ. ಅಂದ್ರೆ ಕೇಂದ್ರದ 330 ಪಾರ್ಸೆಕ್‌ನ ಬೆಳಕೆಲ್ಲ ಒಟ್ಟಿಗೆ ಒಳಗೆ ಬರುತ್ತದೆ. ಗಾಳಿಯ ನಕ್ಷೆ ಬಿಡಿಸೋಕೆ ಆಗಲ್ಲ, ಆದರೆ ರೇಖೆಯ ಅಗಲ ಅಳೆಯೋಕೆ ಇಷ್ಟು ಧಾರಾಳ. ಆಲ್ಪಿಯ ವಿಭೇದನ ಸುಮಾರು 600, ಅಂದ್ರೆ ಆಕ್ಸಿಜನ್-3 ರೇಖೆ ಇರುವ 5007 ಆಂಗ್‌ಸ್ಟ್ರಾಮ್ (ತರಂಗಾಂತರದ ಮಾನ) ಬಳಿ 8.3 ಆಂಗ್‌ಸ್ಟ್ರಾಮ್, ವೇಗದಲ್ಲಿ ಹೇಳೋದಾದರೆ ಸೆಕೆಂಡಿಗೆ 500 ಕಿ.ಮೀ. 1068ರ ಕೇಂದ್ರದ ಆಕ್ಸಿಜನ್-3 ರೇಖೆಯ ಅಗಲ 1,000 ಕಿ.ಮೀ. ದಾಟುತ್ತದೆ. ಉಪಕರಣದ ಅಗಲಕ್ಕಿಂತ ಎರಡು ಪಟ್ಟು ಅಗಲ ಇರೋದರಿಂದಲೇ ಈ ಗ್ಯಾಲಕ್ಸಿ ನಮ್ಮ ಕೈಗೆ ಎಟಕುತ್ತದೆ. 4151ರ ರೇಖೆಗಳು ಇದಕ್ಕಿಂತ ತೆಳು, ಆಲ್ಪಿಯ ಮಿತಿಗೇ ಬಂದು ನಿಲ್ಲುತ್ತವೆ. ಜೊತೆಗೆ ಅದು ಟೈಪ್ 1ರ ಕಡೆಯದ್ದು. ಹೈಡ್ರೋಜನ್‌ನ ಅಗಲವಾದ ಎಚ್-ಬೀಟಾ ರೇಖೆಯ ಬುಡ ಆಕ್ಸಿಜನ್-3ರ ಜೊತೆ ರೇಖೆ 4959ರ ಕೆಳಗೆ ಚಾಚಿಕೊಂಡು ಕಾಟ ಕೊಡುತ್ತದೆ.

ನೋಡಬೇಕಾದ ಜಾಗ: ಕೆಂಪು ಪಲ್ಲಟ 0.0038. ಎಚ್-ಬೀಟಾ 4861.3ರ ಬದಲು 4879.8ಕ್ಕೆ ಬಂದಿರುತ್ತದೆ, ಆಕ್ಸಿಜನ್-3 5006.8ರ ಬದಲು 5025.8ಕ್ಕೆ. ಹೈಡ್ರೋಜನ್‌ನದೇ ಕೆಂಪು ರೇಖೆ ಎಚ್-ಆಲ್ಫಾ ಪ್ರಖರವಾಗಿದೆ ಅಂತ ಅದಕ್ಕೆ ಕೈ ಹಾಕಬೇಡಿ. ನೈಟ್ರೋಜನ್-2ರ 6583 ಅದರಿಂದ ಬರೀ 20.6 ಆಂಗ್‌ಸ್ಟ್ರಾಮ್ ದೂರ, ವೇಗದ ಲೆಕ್ಕದಲ್ಲಿ 940 ಕಿ.ಮೀ. ರೇಖೆಯೇ ಅದಕ್ಕಿಂತ ಅಗಲ ಇರುವಾಗ ಎಚ್-ಆಲ್ಫಾ, ನೈಟ್ರೋಜನ್‌ನ ಎರಡು ರೇಖೆ ಮೂರೂ ಸೇರಿ ಒಂದೇ ಗುಡ್ಡ ಆಗುತ್ತವೆ. ಆಕ್ಸಿಜನ್ ಜೋಡಿಯ ನಡುವೆ 48 ಆಂಗ್‌ಸ್ಟ್ರಾಮ್ ಜಾಗ ಇದೆ, ಬೇರೆ ಬೇರೆಯಾಗಿ ಕಾಣುತ್ತವೆ.

ಕ್ರಮ ಹೀಗಿರಲಿ. ಸೀಳನ್ನು ಉತ್ತರದಿಂದ ಪೂರ್ವಕ್ಕೆ ಸುಮಾರು 30 ಡಿಗ್ರಿ ತಿರುಗಿಸಿ, ಶಂಕುವಿನ ಉದ್ದಕ್ಕೆ ಕೂರುತ್ತದೆ. 10 ನಿಮಿಷದ ಆರು ಎಕ್ಸ್‌ಪೋಶರ್, ಮೊದಲೂ ಕೊನೆಗೂ ಆರ್ಗಾನ್-ನಿಯಾನ್ ದೀಪ. ನವೆಂಬರ್ ರಾತ್ರಿ ತಾಪಮಾನ ಇಳಿಯುತ್ತಾ ಹೋದ ಹಾಗೆ ರೋಹಿತ ಸೆನ್ಸಾರ್ ಮೇಲೆ ಜಾರುತ್ತದೆ, ಅದಕ್ಕೇ ಎರಡು ಸಲ. ಅದರ ಮೇಲೂ ಪ್ರತಿ ಫ್ರೇಮಿನಲ್ಲಿ ಆಕಾಶದ್ದೇ ಹಸಿರು ಆಮ್ಲಜನಕ ರೇಖೆ 5577.3ರಲ್ಲಿ ಸಿಗುತ್ತದೆ. ಅದು ಕೂತ ಜಾಗ ನೋಡಿ ತಾಳೆ ಹಾಕಿ. ಗ್ಯಾಲಕ್ಸಿಯ ಎತ್ತರದಲ್ಲೇ ಇರುವ ಒಂದು ಎ0 ವರ್ಗದ ಬಿಳಿ ನಕ್ಷತ್ರದ ರೋಹಿತ ಬೇಕು, ಉಪಕರಣದ ಸ್ಪಂದನೆ ತಿದ್ದೋಕೆ. ಬಯಾಸ್, ಡಾರ್ಕ್, ಫ್ಲ್ಯಾಟ್ ಅನ್ನೋ ಕ್ಯಾಮೆರಾ ತಿದ್ದುಪಡಿಗಳ ಬಗ್ಗೆ ಇಲ್ಲಿ ಹೇಳಬೇಕಾದ್ದೇನಿಲ್ಲ.

ಅಳೆದ ಅಗಲದಿಂದ ಉಪಕರಣದ ಅಗಲವನ್ನು ನೇರವಾಗಿ ಕಳೆಯಬಾರದು, ವರ್ಗ ಮಾಡಿ ಕಳೆಯಬೇಕು. 1,200 ಅಳೆದಿರಿ, ಉಪಕರಣದ್ದು 500 ಅಂದ್ರೆ ನಿಜವಾದದ್ದು 1,090, 700 ಅಲ್ಲ. ಉಪಕರಣದ ಅಗಲವನ್ನೂ ದೀಪದ ರೇಖೆಯಿಂದ ಅಳೆದುಕೊಳ್ಳಿ, ಕಂಪನಿಯ ಹಾಳೆಯಲ್ಲಿ ಬರೆದದ್ದನ್ನು ನಂಬಿ ಹಾಕಬೇಡಿ. ನಕ್ಷತ್ರದಂಥ ಬಿಂದು ಸೀಳಿನೊಳಗೆ ಪೂರ್ತಿ ತುಂಬಿರಲ್ಲ, ದೀಪದ ಬೆಳಕು ತುಂಬಿರುತ್ತದೆ. ಆ ವ್ಯತ್ಯಾಸವೇ ಕೆಲವು ಹತ್ತು ಕಿ.ಮೀ. ತರುತ್ತದೆ.

ಸಕಲೇಶಪುರ_ಮಂಜು

ಜಾಗ ಯಾವುದು ಸರಿ ಮಾರಾಯ್ರೆ? ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತೆ, ಎತ್ತರ ಇದ್ದಷ್ಟೂ ಒಳ್ಳೇದಲ್ವಾ?

ಬಾಬಾಬುಡನ್_ಇರುಳು (ಚಿಕ್ಕಮಗಳೂರು)

ಎತ್ತರ ಇದ್ದು ಪ್ರಯೋಜನ ಏನು, ನವೆಂಬರ್‌ನಲ್ಲಿ ಮೋಡ ಬೆಟ್ಟದ ತಲೆ ಮೇಲೇ ಕೂತಿರುತ್ತೆ. ರಾತ್ರಿ ಹೊತ್ತು ಅಲ್ಲಿಗೆ ಅನುಮತಿ ಇಲ್ಲದೆ ಹೋಗೋ ಹಾಗೂ ಇಲ್ಲ. ನನ್ನ ಕೇಳಿದರೆ ಕಡೂರು ಅಥವಾ ಅರಸೀಕೆರೆ ಬಯಲು. ಮಳೆ ನೆರಳಿನ ಸೀಮೆ, ಒಣ ಗಾಳಿ, ಮಂಜು ಕಡಿಮೆ. ಸಕಲೇಶಪುರ, ಮೂಡಿಗೆರೆ ಕಡೆ ರಾತ್ರಿ ಹತ್ತಕ್ಕೇ ಕರೆಕ್ಟರ್ ಪ್ಲೇಟ್ ಮೇಲೆ ಇಬ್ಬನಿ ಕೂರುತ್ತದೆ. ಹೀಟರ್ ಪಟ್ಟಿ ಮತ್ತು ಉದ್ದದ ಇಬ್ಬನಿ ಕೊಳವೆ ಎರಡೂ ಇಲ್ಲದೆ ಮಲೆನಾಡಲ್ಲಿ ಒಂದು ಗಂಟೆಯ ಎಕ್ಸ್‌ಪೋಶರ್ ಕನಸೇ ಸರಿ. 4151 ನೋಡಬೇಕು ಅನ್ನುವವರಿಗೆ ಮಾರ್ಚ್ ಕಾಲ. ಆಗ ತೋಟದಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಬಿಟ್ಟಿರುತ್ತಾರೆ, ರಾತ್ರಿಯೆಲ್ಲ ತುಂತುರು. ಅದರಿಂದ ದೂರ ಇರಿ.

ಅರಸೀಕೆರೆ_ಲೆಕ್ಕ

ಈಗ ಎರಡನೇ ಪ್ರಶ್ನೆಗೆ ಬರೋಣ, ನಿಜವಾದ ಜಗಳ ಇರೋದೇ ಅಲ್ಲಿ. ಅಯಾನೀಕೃತ ಅನಿಲದ ರಾಶಿಯನ್ನು ಎಚ್-ಆಲ್ಫಾ ಪ್ರಭೆಯಿಂದ ತೆಗೆಯುವುದು ಹೀಗೆ:

ರಾಶಿ (ಸೂರ್ಯರಾಶಿಗಳಲ್ಲಿ) = 3.3 ಲಕ್ಷ × (ಎಚ್-ಆಲ್ಫಾ ಪ್ರಭೆ ÷ 10⁴⁰ ಅರ್ಗ್/ಸೆಕೆಂಡ್) × (100 ÷ ಎಲೆಕ್ಟ್ರಾನ್ ಸಾಂದ್ರತೆ)

ಸಾಂದ್ರತೆ ಅಂದ್ರೆ ಘನ ಸೆಂಟಿಮೀಟರಿಗೆ ಎಷ್ಟು ಎಲೆಕ್ಟ್ರಾನ್ ಅಂತ. ಅದು ಛೇದದಲ್ಲಿದೆ ಅನ್ನೋದನ್ನ ಗಮನಿಸಿ. ದಟ್ಟ ಅನಿಲ ಸ್ವಲ್ಪವೇ ಇದ್ದರೂ ಜೋರಾಗಿ ಹೊಳೆಯುತ್ತದೆ, ತೆಳು ಅನಿಲ ಅಷ್ಟೇ ಹೊಳೆಯಬೇಕಾದರೆ ರಾಶಿ ರಾಶಿ ಬೇಕು.

ಹೊರಹರಿವಿನ ದರ = 3 × ರಾಶಿ × ವೇಗ ÷ ದೂರ. ಇದರಲ್ಲಿ 3 ಬರೋದು ಶಂಕು ಪೂರ್ತಿ ಅನಿಲದಿಂದ ತುಂಬಿದೆ ಅಂದುಕೊಂಡರೆ ಮಾತ್ರ. ತೆಳು ಚಿಪ್ಪಿನ ಹಾಗಿದೆ ಅಂದರೆ ಚಿಪ್ಪಿನ ದಪ್ಪದಿಂದ ಭಾಗಿಸಬೇಕು. ಕೆಲವರು 3 ಬಿಟ್ಟು 1 ಹಾಕುತ್ತಾರೆ. ಎರಡು ಪ್ರಬಂಧದ ಅಂಕಿ ಹೋಲಿಸುವ ಮೊದಲು ಇದನ್ನ ನೋಡಿಕೊಳ್ಳಿ.

ಉದಾಹರಣೆಗೆ ಅಂತ ಅಂಕಿ ಇಟ್ಟುಕೊಳ್ಳೋಣ, ಯಾವುದೇ ಗ್ಯಾಲಕ್ಸಿಯದ್ದಲ್ಲ. ಗಾಳಿಯ ಪಾಲಿನ ಎಚ್-ಆಲ್ಫಾ 10⁴⁰, ವೇಗ 600 ಕಿ.ಮೀ., ದೂರ 200 ಪಾರ್ಸೆಕ್, ಕಪ್ಪುಕುಳಿಯ ಒಟ್ಟು ಪ್ರಭೆ 10⁴⁴. ವೇಗವನ್ನು ವರ್ಷಕ್ಕೆ ಪಾರ್ಸೆಕ್ ಮಾಡಿಕೊಳ್ಳೋಕೆ 1.02 × 10⁻⁶ರಿಂದ ಗುಣಿಸಿ. ಸಾಂದ್ರತೆ 350 ಹಾಕಿದರೆ ರಾಶಿ 94,000 ಸೂರ್ಯ, ದರ ವರ್ಷಕ್ಕೆ 0.87 ಸೂರ್ಯ, ಚಲನಶಕ್ತಿ ಪ್ರಭೆಯ 0.1 ಶೇಕಡಾ. ಸಾಂದ್ರತೆ 4,800 ಹಾಕಿದರೆ ರಾಶಿ 6,900, ದರ 0.06, ಶಕ್ತಿ 0.007 ಶೇಕಡಾ.

350, 4,800 ಅನ್ನೋದನ್ನ ಸುಮ್ಮನೆ ಆರಿಸಿದ್ದಲ್ಲ. 2020ರಲ್ಲಿ ರಿಕ್ ಡೇವಿಸ್ ಮತ್ತವರ ತಂಡ ಹತ್ತಿರದ ಕೆಲವು ಸೀಫರ್ಟ್‌ಗಳ ಅದೇ ಅನಿಲಕ್ಕೆ ಮೂರು ದಾರಿಯಲ್ಲಿ ಸಾಂದ್ರತೆ ಅಳೆದರು. ಸಲ್ಫರ್-2 ಜೋಡಿಯಿಂದ (ಗಂಧಕದ ಎರಡು ಅಕ್ಕಪಕ್ಕದ ರೇಖೆ) ಮಧ್ಯಕ 350 ಬಂತು, ಆರೋರಲ್ ಅನ್ನೋ ಮಂದ ರೇಖೆಗಳಿಂದ 1,900, ಅಯಾನೀಕರಣ ನಿಯತಾಂಕದ (ಕೇಂದ್ರದ ಪ್ರಭೆ, ದೂರದಿಂದ ಲೆಕ್ಕ ಹಾಕುವ) ದಾರಿಯಿಂದ 4,800. ಒಂದೇ ಅನಿಲ, ಹದಿನಾಲ್ಕು ಪಟ್ಟು ವ್ಯತ್ಯಾಸ. "ಕಪ್ಪುಕುಳಿಯ ಗಾಳಿ ಗ್ಯಾಲಕ್ಸಿಯನ್ನು ಬರಿದು ಮಾಡುತ್ತಿದೆ" ಅಂತ ಯಾರಾದರೂ ಬರೆದರೆ ನಾನು ಮೊದಲು ಹುಡುಕೋದು ಸಾಂದ್ರತೆಗೆ ಏನು ಹಾಕಿದ್ದಾರೆ ಅಂತ. 100 ಅಂತ ಊಹಿಸಿಕೊಂಡಿದ್ದರೆ ಮುಂದಕ್ಕೆ ಓದೋ ಉತ್ಸಾಹ ಅರ್ಧ ಹೋಗುತ್ತದೆ.

ಇನ್ನೊಂದು ಮಾತು. 10⁴⁴ ಪ್ರಭೆಗೆ ಕಪ್ಪುಕುಳಿ ನುಂಗಬೇಕಾದ್ದು, ದಕ್ಷತೆ 10 ಶೇಕಡಾ ಅಂದುಕೊಂಡರೆ, ವರ್ಷಕ್ಕೆ 0.018 ಸೂರ್ಯ ಅಷ್ಟೇ. ಅತಿ ಜಿಪುಣ ಲೆಕ್ಕದಲ್ಲೂ ಗಾಳಿ ಒಯ್ಯುವುದು ಅದರ ಮೂರು ಪಟ್ಟಿಗಿಂತ ಹೆಚ್ಚು.

ಹೇಮಾವತಿ_ದಂಡೆ (ಹಾಸನ)

ಸಲ್ಫರ್ ಜೋಡಿ ಪಠ್ಯಪುಸ್ತಕದ ವಿಧಾನ ಅಲ್ವಾ ಸರ್? ಅದು ಯಾಕೆ ಅಷ್ಟು ಕಡಿಮೆ ತೋರಿಸುತ್ತೆ?

ಅರಸೀಕೆರೆ_ಲೆಕ್ಕ

ವಿಧಾನ ಸರಿಯಾಗೇ ಇದೆ, ಆದರೆ ಅದಕ್ಕೊಂದು ವ್ಯಾಪ್ತಿ ಇದೆ. 6716 ಮತ್ತು 6731ರ ಅನುಪಾತ ತೆಳು ಅನಿಲದಲ್ಲಿ 1.45 ಹತ್ತಿರ ನಿಲ್ಲುತ್ತದೆ, ದಟ್ಟ ಅನಿಲದಲ್ಲಿ 0.44ರ ಹತ್ತಿರ. ಅನುಪಾತ 1 ಬಂದರೆ ಸಾಂದ್ರತೆ ಸುಮಾರು 400ರಿಂದ 500. ಕೆಲವು ಸಾವಿರ ದಾಟಿದ ಮೇಲೆ ಗ್ರಾಫ್ ಚಪ್ಪಟೆ, ಅನುಪಾತದಲ್ಲಿ ಸಣ್ಣ ದೋಷ ಇದ್ದರೂ ಸಾಂದ್ರತೆ ಎಲ್ಲೆಲ್ಲಿಗೋ ಹೋಗುತ್ತದೆ.

ಎರಡನೇದು ಅಗಲದ ತೊಂದರೆ. ಈ ಎರಡು ರೇಖೆಗಳ ನಡುವೆ 14.4 ಆಂಗ್‌ಸ್ಟ್ರಾಮ್, ಅಂದ್ರೆ 640 ಕಿ.ಮೀ. ಗಾಳಿಯ ಬಾಲ ಅದಕ್ಕಿಂತ ಅಗಲ ಇದ್ದರೆ ಯಾವ ಬೆಳಕು ಯಾವ ರೇಖೆಯದ್ದು ಅಂತ ಫಿಟ್ಟಿಂಗ್ ಪ್ರೋಗ್ರಾಮಿಗೆ ಹೇಳೋಕಾಗಲ್ಲ. ಆಗ ಜನ ಏನು ಮಾಡುತ್ತಾರೆ? ತೆಳು ರೇಖೆಯ ಅನುಪಾತವನ್ನೇ ತಂದು ಅಗಲದ ಪಾಲಿಗೂ ಹಾಕುತ್ತಾರೆ. ಅದು ಸುತ್ತುವ ತಟ್ಟೆಯ ಸಾಂದ್ರತೆ, ಗಾಳಿಯದ್ದಲ್ಲ.

ಮೂರನೇದು ಎಲ್ಲಕ್ಕಿಂತ ಮುಖ್ಯ. ಸಲ್ಫರ್-2 ಹೊಳೆಯುವುದು ಮೋಡದ ಒಳ ಅಂಚಿನಲ್ಲಿ, ಅರೆ ಅಯಾನೀಕೃತ ಪದರದಲ್ಲಿ. ಅಲ್ಲಿ ಅನಿಲ ಇದ್ದರೂ ಬಿಡಿ ಎಲೆಕ್ಟ್ರಾನ್ ಕಡಿಮೆ. ಆಕ್ಸಿಜನ್-3 ಹೊಳೆಯುವುದು ಕಪ್ಪುಕುಳಿಯ ಬೆಳಕಿಗೆ ಎದುರಾದ ಮುಖದಲ್ಲಿ. ಅಳೆದದ್ದು ಒಂದು ಜಾಗ, ಬಳಸಿದ್ದು ಇನ್ನೊಂದು ಜಾಗಕ್ಕೆ.

ಗೊರೂರು_ಗಣಕ

ಪೂರ್ತಿ ಒಪ್ಪಲ್ಲ ಲೆಕ್ಕದವರೇ. ಅಯಾನೀಕರಣ ನಿಯತಾಂಕದ ದಾರಿಗೂ ಅದರದೇ ಹುಳುಕಿದೆ. ಅಲ್ಲಿ ಸಾಂದ್ರತೆ ಬರೋದು ಪ್ರಭೆಯನ್ನು ದೂರದ ವರ್ಗದಿಂದ ಭಾಗಿಸಿ. ನಮಗೆ ಕಾಣುವ ದೂರ ಆಕಾಶದ ಮೇಲೆ ಬಿದ್ದ ನೆರಳಿನಷ್ಟೇ. ಶಂಕು ನಮ್ಮ ಕಡೆ ವಾಲಿದ್ದರೆ ನಿಜವಾದ ದೂರ ಎರಡು ಪಟ್ಟು ಇರಬಹುದು, ಆಗ ಸಾಂದ್ರತೆ ನಾಲ್ಕು ಪಟ್ಟು ಇಳಿಯುತ್ತದೆ. ಪ್ರಭೆಯ ಕಥೆಯೂ ಅಷ್ಟೇ. ಆಕ್ಸಿಜನ್-3 ಪ್ರಭೆಯನ್ನು 3,500ರಿಂದ ಗುಣಿಸಿ ಒಟ್ಟು ಪ್ರಭೆ ಅನ್ನುತ್ತಾರೆ, ಆ ಗುಣಕದ ಚೆಲ್ಲಾಟವೇ ಎರಡೂವರೆ ಪಟ್ಟು ಆಚೀಚೆ.

4151, 1068ರಂಥ ಹತ್ತಿರದ ಗ್ಯಾಲಕ್ಸಿಗಳಿಗೆ ಸರಿಯಾದ ದಾರಿ ಅಂದ್ರೆ ಹಬಲ್‌ನ ಸೀಳು ರೋಹಿತ ತೆಗೆದು ದೂರ ದೂರಕ್ಕೂ ಬೇರೆ ಬೇರೆ ಕ್ಲೌಡಿ ಮಾದರಿ (ಅನಿಲ ಹೇಗೆ ಹೊಳೆಯುತ್ತೆ ಅಂತ ಲೆಕ್ಕ ಹಾಕುವ ಪ್ರೋಗ್ರಾಮ್) ಹಾಕೋದು. ಒಂದೇ ಜಾಗದಲ್ಲಿ ಎರಡು ಮೂರು ಸಾಂದ್ರತೆಯ ಅನಿಲ ಇಟ್ಟು, ಹತ್ತಾರು ರೇಖೆಗಳನ್ನು ಒಟ್ಟಿಗೆ ಹೊಂದಿಸಬೇಕು. ತಿಂಗಳುಗಟ್ಟಲೆ ಕೆಲಸ, ಹಾಗಾಗಿ ನೂರಾರು ಗ್ಯಾಲಕ್ಸಿಗೆ ಯಾರೂ ಮಾಡಲ್ಲ.

ಧೂಳಿನ ತಿದ್ದುಪಡಿ ಮರೆತರೂ ಲೆಕ್ಕ ಕೆಡುತ್ತದೆ. ಎಚ್-ಆಲ್ಫಾ ಮತ್ತು ಎಚ್-ಬೀಟಾ ಅನುಪಾತ ಧೂಳಿಲ್ಲದಿದ್ದರೆ 2.86, ಇಂಥ ಕೇಂದ್ರಗಳಿಗೆ 3.1 ಅಂತಲೂ ತಗೋತಾರೆ. 4.5 ಬಂದರೆ ನಿಜವಾದ ಎಚ್-ಆಲ್ಫಾ ಕಂಡದ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು.

ಅರಸೀಕೆರೆ_ಲೆಕ್ಕ

ವಾಲಿಕೆಯ ಮಾತು ನಿಜ. ಆದರೂ 100 ಅಂತ ಊಹಿಸೋದಕ್ಕಿಂತ ನಾಲ್ಕು ಪಟ್ಟು ದೋಷ ಇರುವ ಅಳತೆಯೇ ವಾಸಿ.

ಕಳಸದ_ಕಾಫಿ

ಕೈಯಲ್ಲಿ ದೂರದರ್ಶಕ ಇಲ್ಲ, ಲ್ಯಾಪ್‌ಟಾಪ್ ಇದೆ, ಪೈಥಾನ್ ಬರುತ್ತೆ. ಎಲ್ಲಿಂದ ಶುರು ಮಾಡಬೇಕು?

ಗೊರೂರು_ಗಣಕ

ಯುರೋಪಿಯನ್ ಸದರ್ನ್ ಅಬ್ಸರ್ವೇಟರಿಯ ಆರ್ಕೈವ್‌ನಲ್ಲಿ ಮ್ಯೂಸ್ ಉಪಕರಣದ ದತ್ತಾಂಶ ಎಲ್ಲರಿಗೂ ತೆರೆದಿದೆ. 1068, ಸರ್ಸಿನಸ್, ಐಸಿ 5063 ಗ್ಯಾಲಕ್ಸಿಗಳೆಲ್ಲ ಅಲ್ಲಿವೆ. ಒಂದು ಘನ, ಅಂದ್ರೆ 1 ಆರ್ಕ್‌ನಿಮಿಷ ಚೌಕದ ಚಿತ್ರ, ಪ್ರತಿ 0.2 ಆರ್ಕ್‌ಸೆಕೆಂಡಿಗೆ ಒಂದು ರೋಹಿತ, ಒಟ್ಟು 90,000 ರೋಹಿತ. ಫೈಲ್ ಸುಮಾರು 3 ಜಿಬಿ. 8 ಜಿಬಿ ರ್‍ಯಾಮ್ ಇದ್ದರೆ ಇಡೀ ಘನ ತೆರೆಯೋಕೆ ಹೋಗಬೇಡಿ. 4,800ರಿಂದ 5,100 ಆಂಗ್‌ಸ್ಟ್ರಾಮ್ ತುಂಡು ಮಾತ್ರ ಕತ್ತರಿಸಿಕೊಳ್ಳಿ, 1068ಕ್ಕೆ ಎಚ್-ಬೀಟಾ, ಆಕ್ಸಿಜನ್-3 ಎರಡೂ ಅದರಲ್ಲೇ ಬಂತು.

ಮೊದಲು ನಕ್ಷತ್ರಗಳ ಬೆಳಕು ತೆಗೆಯಬೇಕು. ಪಿಪಿಎಕ್ಸ್‌ಎಫ್ ಪ್ರೋಗ್ರಾಮ್ ಎಲ್ಲರೂ ಬಳಸೋದು. ಇದಕ್ಕೆ ಮಾತ್ರ ಅಗಲದ ತುಂಡು ಇದ್ದರೆ ಒಳ್ಳೇದು, 300 ಆಂಗ್‌ಸ್ಟ್ರಾಮ್‌ನಲ್ಲಿ ನಕ್ಷತ್ರದ ರೇಖೆ ಕಡಿಮೆ ಸಿಗುತ್ತವೆ. ಈ ಹೆಜ್ಜೆ ಬಿಟ್ಟರೆ ನಕ್ಷತ್ರಗಳ ಎಚ್-ಬೀಟಾ ಹೀರಿಕೆ ಅನಿಲದ ಎಚ್-ಬೀಟಾವನ್ನು ತಿಂದುಹಾಕುತ್ತದೆ. ಆಮೇಲೆ ಧೂಳಿನ ಲೆಕ್ಕ, ರಾಶಿಯ ಲೆಕ್ಕ ಎರಡೂ ಉಬ್ಬುತ್ತವೆ. ಅನಿಲದ ಬೆಳಕು ಮಂದ ಇರುವ ಅಂಚಿನಲ್ಲಿ ಪಕ್ಕಪಕ್ಕದ ರೋಹಿತಗಳನ್ನು ವೊರೊನೊಯ್ ವಿಧಾನದಲ್ಲಿ ಸೇರಿಸಿಕೊಳ್ಳಿ.

ಫಿಟ್ ಮಾಡುವಾಗ 5007 ಮತ್ತು 4959ರ ವೇಗ, ಅಗಲ ಒಂದೇ ಇರಬೇಕು, ಎತ್ತರದ ಅನುಪಾತ 2.98ಕ್ಕೆ ಕಟ್ಟಿಹಾಕಿ. ಪರಮಾಣು ಭೌತವಿಜ್ಞಾನವೇ ಹಾಗೆ ನಿಗದಿ ಮಾಡಿದೆ, ಗ್ಯಾಲಕ್ಸಿಯಿಂದ ಗ್ಯಾಲಕ್ಸಿಗೆ ಬದಲಾಗಲ್ಲ. ಆದರೆ ಕಟ್ಟುವ ಮೊದಲು ಕೇಂದ್ರದ ನಾಲ್ಕಾರು ಪಿಕ್ಸೆಲ್‌ನಲ್ಲಿ ಬಿಡಿಯಾಗಿ ಅಳೆದು ನೋಡಿ. ಅನುಪಾತ 2.5, 2.2 ಅಂತ ಇಳಿದಿದ್ದರೆ ಅಲ್ಲಿ 5007 ಸ್ಯಾಚುರೇಟ್ ಆಗಿದೆ (ಬೆಳಕು ಸೆನ್ಸಾರ್‌ನ ಮಿತಿ ಮೀರಿದೆ) ಅಂತ ಅರ್ಥ, ಆ ಪಿಕ್ಸೆಲ್ ಬಿಟ್ಟುಬಿಡಿ. ಒಂದು ಗೌಸಿಯನ್ (ಗಂಟೆಯಾಕಾರದ ವಕ್ರರೇಖೆ) ಸಾಕಾ, ಎರಡು ಬೇಕಾ ಅನ್ನೋದನ್ನ ಬೇಸಿಯನ್ ಮಾಹಿತಿ ಮಾನದಂಡದಿಂದ ತೀರ್ಮಾನ ಮಾಡಿ, ಕಣ್ಣಂದಾಜಿನಿಂದಲ್ಲ. ದೋಷದ ಅಂಕಿಯನ್ನು ಘನದಲ್ಲಿ ಕೊಟ್ಟ ಹಾಗೇ ನಂಬಬೇಡಿ. ಮರುಜೋಡಣೆಯಲ್ಲಿ ಪಕ್ಕದ ಪಿಕ್ಸೆಲ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹಾಗಾಗಿ ಅಲ್ಲಿ ಬರೆದಿರುವ ದೋಷ ನಿಜಕ್ಕಿಂತ ಕಡಿಮೆ. ರೇಖೆ ಇಲ್ಲದ ಜಾಗದ ಏರಿಳಿತ ಅಳೆದು ಅದಕ್ಕೆ ಸರಿಯಾಗಿ ಹೆಚ್ಚಿಸಿಕೊಳ್ಳಿ.

ಎರಡು ಗೌಸಿಯನ್ ಹಾಕಿದ ತಕ್ಷಣ ಎರಡನೆಯದಕ್ಕೆ ಗಾಳಿ ಅಂತ ಹೆಸರಿಡುವ ಚಾಳಿ ಇದೆ. ನನಗದು ಇಷ್ಟ ಇಲ್ಲ. ಅದರ ಬದಲು ಇಡೀ ರೇಖೆಯ ಬೆಳಕಿನ 10 ಶೇಕಡಾದಿಂದ 90 ಶೇಕಡಾವರೆಗಿನ ವೇಗದ ಅಗಲ ತೆಗೆದುಕೊಳ್ಳಿ, ಡಬ್ಲ್ಯು80 ಅಂತಾರೆ. ಶುದ್ಧ ಗೌಸಿಯನ್‌ಗೆ ಅದು ಸಿಗ್ಮಾದ 2.56 ಪಟ್ಟು. ಎಷ್ಟು ಗೌಸಿಯನ್ ಹಾಕಿದಿರಿ ಅನ್ನೋದರ ಮೇಲೆ ಅದು ಹೆಚ್ಚು ಅವಲಂಬಿಸಲ್ಲ. ಮ್ಯೂಸ್‌ನ ಸ್ವಂತ ಅಗಲ 5000 ಆಂಗ್‌ಸ್ಟ್ರಾಮ್ ಬಳಿ ಸುಮಾರು 165 ಕಿ.ಮೀ., ಅದನ್ನ ವರ್ಗ ಮಾಡಿ ಕಳೆಯೋದು ಇಲ್ಲೂ ಇದ್ದದ್ದೇ.

ಕೊನೆಗೆ, ಮಸುಕು. ವಾತಾವರಣ ಕೇಂದ್ರದ ಬೆಳಕನ್ನು ಒಂದೆರಡು ಆರ್ಕ್‌ಸೆಕೆಂಡ್ ಆಚೆಗೂ ಹರಡಿರುತ್ತದೆ. ಕೇಂದ್ರದ ಅಗಲ ರೇಖೆ ಆಚೆ ಪಿಕ್ಸೆಲ್‌ನಲ್ಲೂ ಕಂಡು ಗಾಳಿ 500 ಪಾರ್ಸೆಕ್ ಹಬ್ಬಿದೆ ಅನ್ನಿಸುತ್ತದೆ. ಟೈಪ್ 1 ಗ್ಯಾಲಕ್ಸಿಯಾದರೆ ಉಪಾಯ ಸುಲಭ: ಅಗಲ ಎಚ್-ಬೀಟಾ ಹೊರಡುವ ಜಾಗ ಬಿಂದುವಿನಷ್ಟೇ ಇರೋದರಿಂದ ಅದರ ಚಿತ್ರ ಎಷ್ಟು ಹರಡಿದೆಯೋ ಅದೇ ಮಸುಕಿನ ಅಳತೆ. ಆಕ್ಸಿಜನ್-3ರ ಬಾಲ ಅದೇ ಆಕಾರದಲ್ಲಿ ಇಳಿಯುತ್ತಿದ್ದರೆ ಹಬ್ಬಿದ ಗಾಳಿ ಅಲ್ಲಿಲ್ಲ. ಹೊರಹರಿವಿನ ದರದ ಲೆಕ್ಕದಲ್ಲಿ ದೂರ ಛೇದದಲ್ಲಿ ಇದೆ ಅನ್ನೋದನ್ನೂ ಮರೀಬೇಡಿ.

ಸಕಲೇಶಪುರ_ಮಂಜು

ತಳ್ಳೋದು ಬೆಳಕಾ, ಜೆಟ್ಟಾ? 1068ರಲ್ಲಿ ರೇಡಿಯೋ ಜೆಟ್ (ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಕಣಗಳ ಧಾರೆ) ಕೂಡ ಇದೆಯಲ್ಲ.

ಬಾಬಾಬುಡನ್_ಇರುಳು (ಚಿಕ್ಕಮಗಳೂರು)

ಎರಡೂ ಇರಬಹುದು, ಬೇರ್ಪಡಿಸೋದು ಕಷ್ಟ. ಸುಳಿವು ಒಂದಿದೆ. 2021ರಲ್ಲಿ ಮ್ಯೂಸ್ ಬಳಸಿ ಐಸಿ 5063, ಎನ್‌ಜಿಸಿ 5643, 1068, 1386 ನಾಲ್ಕರಲ್ಲೂ ಜೆಟ್‌ಗೆ ಅಡ್ಡಲಾಗಿ ರೇಖೆಗಳು ಅಗಲವಾಗಿರೋದನ್ನ ಕಂಡರು, 800ರಿಂದ 1,000 ಕಿ.ಮೀ. ದಾಟಿ. ನಾಲ್ಕರಲ್ಲೂ ಜೆಟ್ ದುರ್ಬಲ, ಗ್ಯಾಲಕ್ಸಿ ತಟ್ಟೆಗೆ ಹೆಚ್ಚು ವಾಲಿಕೊಂಡಿದೆ. ಬೆಳಕು ತಳ್ಳಿದರೆ ಶಂಕುವಿನ ದಿಕ್ಕಿಗೇ ಹೋಗಬೇಕಲ್ಲ, ಅಡ್ಡಕ್ಕೆ ಯಾಕೆ? ಪುಣೆಯ ಐಯುಕಾ ಖಗೋಳ ಸಂಶೋಧನಾ ಕೇಂದ್ರದಲ್ಲಿರುವ ದೀಪಾಂಜನ್ ಮುಖರ್ಜಿ ಅವರ ಸಿಮ್ಯುಲೇಶನ್‌ಗಳಲ್ಲಿ ಇದಕ್ಕೆ ಉತ್ತರ ಇದೆ. ಜೆಟ್ ತಟ್ಟೆಯೊಳಕ್ಕೇ ನುಗ್ಗಿದರೆ ನೆಟ್ಟಗೆ ಹೊರಬರಲಾಗದೆ ಗುಳ್ಳೆಯ ಹಾಗೆ ಊದಿಕೊಂಡು ಸುತ್ತಲ ಅನಿಲವನ್ನು ಕದಡುತ್ತದೆ. ಬಲವಾದ ಜೆಟ್ ತಟ್ಟೆಗೆ ನೇರ ಮೇಲಕ್ಕೆ ಹೊರಟರೆ ಬೇಗ ಸೀಳಿಕೊಂಡು ಹೋಗಿಬಿಡುತ್ತದೆ, ಅನಿಲಕ್ಕೆ ಅಷ್ಟು ಪೆಟ್ಟು ಬೀಳಲ್ಲ. ಜೆಟ್ ಇಲ್ಲ ಅಂತ ಹೇಳೋ ಮೊದಲು ರೇಡಿಯೋ ನಕ್ಷೆ ನೋಡಿ. ಪುಣೆ ಕಡೆಯ ನಾರಾಯಣಗಾಂವ್ ಹತ್ತಿರದ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ 30 ಆಂಟೆನಾ ಇರೋದು ಇಂಥ ಮಂದ ಜೆಟ್ ಹುಡುಕೋಕೆ ಅನುಕೂಲ.

ಹೇಮಾವತಿ_ದಂಡೆ (ಹಾಸನ)

ಕೊನೆಗೆ ನಕ್ಷತ್ರ ಹುಟ್ಟೋದನ್ನ ಈ ಗಾಳಿ ನಿಲ್ಲಿಸುತ್ತಾ ಇಲ್ವಾ? ಸಿಮ್ಯುಲೇಶನ್‌ನಲ್ಲಿ 5 ಶೇಕಡಾ ಶಕ್ತಿ ಬೇಕು ಅಂತಾರೆ, ನಿಮ್ಮ ಲೆಕ್ಕದಲ್ಲಿ 0.1 ಕೂಡ ದಾಟಲಿಲ್ಲ.

ಅರಸೀಕೆರೆ_ಲೆಕ್ಕ

ಆ 5 ಶೇಕಡಾವನ್ನು ಅಳತೆಯ ಪಕ್ಕ ಇಡೋದೇ ತಪ್ಪು. 2005ರ ಸಿಮ್ಯುಲೇಶನ್‌ನಲ್ಲಿ ಅದು ಕಪ್ಪುಕುಳಿಯ ಪಕ್ಕದ ಅನಿಲಕ್ಕೆ ಶಾಖವಾಗಿ ಸುರಿದ ಶಕ್ತಿ. ನಾವು ಅಳೆಯೋದು ಅದರಲ್ಲಿ ಅಯಾನೀಕೃತ ಅನಿಲದ ಚಲನೆಗೆ ಸೇರಿದ ಪಾಲನ್ನು ಮಾತ್ರ. ಉಳಿದದ್ದು ಬಿಸಿ ಅನಿಲದಲ್ಲಿ, ಅಣು ಅನಿಲದಲ್ಲಿ, ಗುರುತ್ವದ ವಿರುದ್ಧ ಏರೋದರಲ್ಲಿ ಹೋಗಿರುತ್ತದೆ. 2010ರಲ್ಲಿ ಎರಡು ಹಂತದ ಮಾದರಿ ಬಂದಾಗ 0.5 ಶೇಕಡಾ ಸಾಕು ಅಂದರು.

ಅಣು ಅನಿಲದ ರಾಶಿಗೂ ಸಾಂದ್ರತೆಯಂಥದ್ದೇ ತಲೆನೋವು ಇದೆ. ಕಾರ್ಬನ್ ಮಾನಾಕ್ಸೈಡ್ ಹೊಳಪಿನಿಂದ ಹೈಡ್ರೋಜನ್ ರಾಶಿಗೆ ಹೋಗುವ ಗುಣಕ ನಮ್ಮ ಆಕಾಶಗಂಗೆಯಲ್ಲಿ 4.3, ಡಿಕ್ಕಿ ಹೊಡೆದ ಗ್ಯಾಲಕ್ಸಿಗಳಿಗೆ 0.8, ಅನಿಲ ಪಾರದರ್ಶಕ ಆಗಿದ್ದರೆ ಸುಮಾರು 0.3. ಗಾಳಿಗೆ ಯಾವುದು ಹಾಕಬೇಕು ಅನ್ನೋದರ ಮೇಲೆ ಹತ್ತು ಪಟ್ಟು ಆಟ.

ಅಳತೆ ನೇರವಾಗಿ ಸಿಕ್ಕ ಜಾಗ ಸರ್ಸಿನಸ್. 2023ರಲ್ಲಿ ಆಲ್ಮಾ ಅಲ್ಲಿ ಕೆಲವೇ ಪಾರ್ಸೆಕ್ ಒಳಗೆ ಅನಿಲ ಕಪ್ಪುಕುಳಿಯ ಕಡೆ ಇಳಿಯೋದನ್ನ ಕಂಡಿತು. ಇಳಿದದ್ದರಲ್ಲಿ 3 ಶೇಕಡಾಕ್ಕಿಂತ ಕಡಿಮೆ ಮಾತ್ರ ಕಪ್ಪುಕುಳಿಯ ಹೊಟ್ಟೆಗೆ. ಉಳಿದದ್ದು ಹೊರಕ್ಕೆ, ಆದರೆ ಅದರಲ್ಲಿ ಬಹುಪಾಲಿನ ವೇಗ ಗ್ಯಾಲಕ್ಸಿ ಬಿಟ್ಟು ಹೋಗುವಷ್ಟಿಲ್ಲ, ಮತ್ತೆ ತಟ್ಟೆಗೇ ಬೀಳುತ್ತದೆ. ಪಕ್ಕದ ಸೀಫರ್ಟ್‌ಗಳ ಮಟ್ಟಿಗೆ ನನ್ನ ಓದು ಹೀಗೆ: ಒಳಗಿನ ಕೆಲವು ನೂರು ಪಾರ್ಸೆಕ್‌ನಲ್ಲಿ ಅನಿಲ ಕದಡುತ್ತದೆ, ಚದುರುತ್ತದೆ. ಇಡೀ ಗ್ಯಾಲಕ್ಸಿ ಬರಿದಾಗುತ್ತದೆ ಅನ್ನೋಕೆ ಇವುಗಳಲ್ಲಿ ಆಧಾರ ಇಲ್ಲ. ಪ್ರಭೆ 10⁴⁶ ದಾಟುವ ಕ್ವೇಸಾರ್‌ಗಳ ಮಾತು ಬೇರೆ.

ಕಳಸದ_ಕಾಫಿ

ಸರ್ಸಿನಸ್ ಇಲ್ಲಿಂದ ಕಾಣುತ್ತಾ? ಇನ್ನೊಂದು ಸಣ್ಣ ಪ್ರಶ್ನೆ, ಆಸ್ಟ್ರೋಸ್ಯಾಟ್ ಖಗೋಳ ಉಪಗ್ರಹದ ದತ್ತಾಂಶ ಹಾಸನದ ಇಸ್ರೋ ಕೇಂದ್ರಕ್ಕೇ ಬರೋದಾ?

ಗೊರೂರು_ಗಣಕ

ಸರ್ಸಿನಸ್ ದಕ್ಷಿಣಕ್ಕೆ 65 ಡಿಗ್ರಿ. ಹಾಸನದಿಂದ ಹೆಚ್ಚೆಂದರೆ 12 ಡಿಗ್ರಿ ಏರುತ್ತದೆ, ಅದೂ ಆಕಾಶಗಂಗೆಯ ಧೂಳಿನ ಹಿಂದೆ. ಬಿಟ್ಟುಬಿಡಿ.

ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳೋದು ಭೂಸ್ಥಿರ ಉಪಗ್ರಹಗಳನ್ನು. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ 650 ಕಿ.ಮೀ. ಎತ್ತರದ್ದು, ಅದರ ನಿಯಂತ್ರಣ ಬೆಂಗಳೂರಿನಿಂದ, ದತ್ತಾಂಶ ಬ್ಯಾಲಾಳುವಿನ ಕೇಂದ್ರದಲ್ಲಿ. ಅತಿವೇಗದ ಗಾಳಿ ನೋಡೋಕೆ ಅದರ ಮೃದು ಕ್ಷಕಿರಣ ದೂರದರ್ಶಕ ಸಾಲದು. ಅಂಥ ಸಿಸಿಡಿಗಳ ವಿಭೇದನ ಸುಮಾರು 150 ಎಲೆಕ್ಟ್ರಾನ್ ವೋಲ್ಟ್, ಕಬ್ಬಿಣದ ರೇಖೆ ಬಳಿ ಅದು 6,700 ಕಿ.ಮೀ./ಸೆಕೆಂಡ್. 2023ರ ಸೆಪ್ಟೆಂಬರ್‌ನಲ್ಲಿ ಹೋದ ಜಪಾನಿನ ಕ್ರಿಸಂ ಕ್ಷಕಿರಣ ಉಪಗ್ರಹದಲ್ಲಿ ಅದು 5 ಎಲೆಕ್ಟ್ರಾನ್ ವೋಲ್ಟ್, 220 ಕಿ.ಮೀ. ಅದರ ಮುಚ್ಚಳ ತೆರೆಯದೆ ಉಳಿದಿರೋದರಿಂದ 1.7 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗೆ ಕುರುಡು, ಆದರೆ ಕಬ್ಬಿಣದ ರೇಖೆಗೆ ಅದರಿಂದ ತೊಂದರೆ ಇಲ್ಲ. ಪಿಡಿಎಸ್ 456 ಅನ್ನೋ ಕ್ವೇಸಾರ್‌ನಲ್ಲಿ ಒಂದೇ ಗಾಳಿ ಅಂದುಕೊಂಡಿದ್ದು ಐದು ಬೇರೆ ಬೇರೆ ವೇಗದ ತುಣುಕು ಅಂತ ಕಂಡಿದ್ದು ಇದರಿಂದಲೇ, ಬೆಳಕಿನ ವೇಗದ 20ರಿಂದ 30 ಶೇಕಡಾ.

ಕಳಸದ_ಕಾಫಿ

1068ರ ಘನ ಇಳಿಸಿಕೊಂಡು ಕೇಂದ್ರ ಬಿಟ್ಟು ಹೊರಗಿನ ತಟ್ಟೆಯಲ್ಲಿ ಫಿಟ್ ಹಾಕಿದೆ. ಅಲ್ಲೂ ಎಲ್ಲ ಕಡೆ ಸುಮಾರು 80 ಕಿ.ಮೀ. ನೀಲಿ ಪಲ್ಲಟ ಬರ್ತಿದೆ, ಒಂದೇ ಸಮನೆ. ಗಾಳಿ ಅಷ್ಟು ದೂರ ಹಬ್ಬಿರುತ್ತಾ?

ಗೊರೂರು_ಗಣಕ

ರೇಖೆಯ ತರಂಗಾಂತರ ಏನು ಹಾಕಿದ್ದೀರಿ? 5008.24 ಆಗಿದ್ದರೆ ಅದು ನಿರ್ವಾತದ್ದು. ನಮ್ಮ ವಾತಾವರಣದ ಗಾಳಿಯಲ್ಲಿ 5006.84. ವ್ಯತ್ಯಾಸ 1.4 ಆಂಗ್‌ಸ್ಟ್ರಾಮ್, ವೇಗದಲ್ಲಿ ಸರಿಯಾಗಿ 84 ಕಿ.ಮೀ. ಘನದ ಹೆಡರ್‌ನಲ್ಲಿ ಸಿಟೈಪ್3 (CTYPE3) ಅನ್ನೋ ಸಾಲು ನೋಡಿ. ಎಡಬ್ಲ್ಯುಎವಿ (AWAV) ಅಂತಿದ್ದರೆ ವಾತಾವರಣದ ಗಾಳಿಯಲ್ಲಿನ ತರಂಗಾಂತರ, ಮ್ಯೂಸ್‌ನದು ಹಾಗೇ ಇರುತ್ತದೆ. ಸ್ಲೋನ್ ಸಮೀಕ್ಷೆ, ಜೇಮ್ಸ್ ವೆಬ್ ಎರಡೂ ನಿರ್ವಾತದ್ದು ಕೊಡುತ್ತವೆ, ಅಲ್ಲಿಂದ ಎತ್ತಿದ ಪಟ್ಟಿ ಇಲ್ಲಿ ಹಾಕಿದರೆ ಹೀಗಾಗುತ್ತದೆ.

ಕಳಸದ_ಕಾಫಿ

5008.24 ಇತ್ತು. ಬದಲಿಸಿದೆ, ಹೊರಗಿನ ತಟ್ಟೆ ಸೊನ್ನೆಗೆ ಬಂತು. ಕೇಂದ್ರದಿಂದ ಈಶಾನ್ಯಕ್ಕೆ ಮಾತ್ರ ಬಾಲ ಉಳಿದಿದೆ.